ಸೀಸೆಯೊಳಗೆ ಏನಿದೆ?



ಪ್ರಧಾನ ಭಾಷಣಕ್ಕೆ ಸಾಹಿತಿಗಳನ್ನೋ ಪ್ರಾಧ್ಯಾಪಕರನ್ನೋ ಕರೆಯುವುದು ರೂಢಿ. ಈ ಸಲ ಸಂಘದವರು ಅಮೆರಿಕದ ಔಷಧಿ ಅಂಗಡಿಯೊಂದರಲ್ಲಿ 30 ವರ್ಷ ಮಾತ್ರೆ ಎಣಿಸಿ ನಿವೃತ್ತಳಾದ ನನ್ನನ್ನು ಕರೆದಿದ್ದಾರೆ. ನಾನು ಇತಿಹಾಸಕಾರಳಲ್ಲ. ಆದರೆ ಮೂರು ದಶಕ ಲೇಬಲ್ ಅಂಟಿಸಿದವಳಿಗೆ, ಈ ಲೇಬಲ್ ಎಂಬುದು ಎಲ್ಲಿಂದ ಬಂತು ಎಂಬ ಕುತೂಹಲ ಹುಟ್ಟುವುದು ಸಹಜ. ಇವತ್ತು ಅದನ್ನೇ ಹೇಳಲು ನಿಂತಿದ್ದೇನೆ. ಊಟಕ್ಕೆ ಮುಂಚೆ ಮುಗಿಸುತ್ತೇನೆ, ಹೆದರಬೇಡಿ.

ಈ ಮೇಜಿನ ಮೇಲೆ ಒಂದು ಖಾಲಿ ಸೀಸೆ ಇಟ್ಟಿದ್ದೇನೆ. ಹಿಂದಿನ ಸಾಲಿನವರಿಗೆ ಕಾಣಲಾರದು. ಅರ್ಧ ಗೇಣು ಎತ್ತರ, ತಿಳಿನೀಲಿ ಗಾಜು. ಹಲವು ವರ್ಷಗಳ ಹಿಂದೆ ಯಾರದೋ ಮನೆಯ ಮುಂದೆ ಹಳೇ ಸಾಮಾನು ಮಾರುತ್ತಿದ್ದಾಗ ಎರಡು ಡಾಲರಿಗೆ ಕೊಂಡದ್ದು. ಗಾಜಿನ ಮೇಲೆಯೇ ಉಬ್ಬಕ್ಷರದಲ್ಲಿ ಹೆಸರು ಮೂಡಿದೆ: ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವಿನ್ಸ್ಲೋ ಅಮ್ಮನವರ ಮಗು ಸಮಾಧಾನದ ಪಾನಕ. ಹಲ್ಲು ಹುಟ್ಟುವಾಗ ಹಟ ಮಾಡುವ ಮಕ್ಕಳಿಗೆ, ಹೊಟ್ಟೆನೋವಿಗೆ, ಭೇದಿಗೆ ಇದು ರಾಮಬಾಣ ಎಂದು ಮಾರುತ್ತಿದ್ದರು.

ಅತ್ತೆಯ ಹೆಸರಿನ ಮದ್ದು

ಇದನ್ನು ಮಾರುಕಟ್ಟೆಗೆ ತಂದವರು ಮೇನ್ ರಾಜ್ಯದ ಬ್ಯಾಂಗರ್ ಊರಿನ ಜೆರೆಮಯಾ ಕರ್ಟಿಸ್ ಮತ್ತು ಬೆಂಜಮಿನ್ ಪರ್ಕಿನ್ಸ್, 1849ರಲ್ಲಿ. ವಿನ್ಸ್ಲೋ ಎಂಬಾಕೆ ಕರ್ಟಿಸನ ಅತ್ತೆ, ಹೆಂಡತಿಯ ತಾಯಿ. ಮಕ್ಕಳ ಆರೈಕೆಯಲ್ಲಿ ಪಳಗಿದ ದಾದಿ. ಅತ್ತೆಯನ್ನು ಕಂಡರೆ ಆಗದ ಅಳಿಯಂದಿರ ಕತೆ ನಮ್ಮಲ್ಲಿ ಬೇಕಾದಷ್ಟಿವೆ. ಅತ್ತೆಯ ಹೆಸರನ್ನೇ ಬಂಡವಾಳ ಮಾಡಿಕೊಂಡು ಶ್ರೀಮಂತನಾದ ಅಳಿಯ ಈತ. 1868ರ ಹೊತ್ತಿಗೆ ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಸೀಸೆ ಮಾರುತ್ತಿದ್ದೇನೆಂದು ಅವನೇ ಹೇಳಿಕೊಂಡಿದ್ದ. ಜಾಹೀರಾತಿನ ಚಿತ್ರದಲ್ಲಿ ಯಾವಾಗಲೂ ನೆಮ್ಮದಿಯ ತಾಯಿ, ಮಡಿಲಲ್ಲಿ ಗುಂಡುಗುಂಡಾದ ಮಗು.

ಒಳಗಿದ್ದದ್ದು ಸಕ್ಕರೆ ಪಾಕ, ಸ್ವಲ್ಪ ಮದ್ಯಸಾರ, ಮತ್ತು ಮಾರ್ಫಿನ್. ಒಂದು ಔನ್ಸಿಗೆ 65 ಮಿಲಿಗ್ರಾಂ. ಅಂದರೆ ಒಂದು ಟೀ ಚಮಚಕ್ಕೆ ಸುಮಾರು 10 ಮಿಲಿಗ್ರಾಂ. ಶಸ್ತ್ರಚಿಕಿತ್ಸೆಯಾಗಿ ನರಳುವ ದೊಡ್ಡವರಿಗೆ ಸೂಜಿಯಲ್ಲಿ ಕೊಡುವ ಪ್ರಮಾಣವೂ ಇದೇ ಆಸುಪಾಸು. ಬಾಯಿಂದ ಕೊಟ್ಟಾಗ ಅದರ ಬಲ ಕಡಿಮೆ, ನಿಜ. ಆದರೆ ಕುಡಿಯುತ್ತಿದ್ದದ್ದು ಆರು ತಿಂಗಳ ಕೂಸು, ಅದೂ ದಿನಕ್ಕೆ ಮೂರು ನಾಲ್ಕು ಸಲ. ಮಗು ಸಮಾಧಾನವಾಗುತ್ತಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಎಷ್ಟೋ ಮಕ್ಕಳು ಆ ಸಮಾಧಾನದಿಂದ ಏಳಲೇ ಇಲ್ಲ. ಮುಂದೆ ಅಮೆರಿಕದ ವೈದ್ಯರ ಸಂಘ ಈ ಜಾತಿಯ ಪಾನಕಗಳನ್ನು ಶಿಶುಹಂತಕಗಳೆಂದೇ ಕರೆಯಿತು.

ಸೀಸೆಯ ಮೇಲೆ ಮಾರ್ಫಿನ್ ಎಂಬ ಪದ ಇತ್ತೇ? ಸುಮಾರು 60 ವರ್ಷ ಇರಲಿಲ್ಲ.

ಈ ಬಗೆಯ ಮದ್ದುಗಳನ್ನು ಪೇಟೆಂಟ್ ಔಷಧಿ ಎಂದು ಕರೆಯುವುದೇ ಒಂದು ತಮಾಷೆ. ಹಿಂದೆ ಇಂಗ್ಲೆಂಡಿನ ಅರಸರು ಮೆಚ್ಚಿದವರಿಗೆ ಪೇಟೆಂಟ್ ಪತ್ರ ಕೊಡುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕೆಂದರೆ ಒಳಗೆ ಏನಿದೆ ಎಂದು ಸರ್ಕಾರಕ್ಕೆ ಬರೆದು ಕೊಡಬೇಕಲ್ಲ! ಹಾಗಾಗಿ ಅವರು ಹೆಸರನ್ನೂ ಸೀಸೆಯ ಆಕಾರವನ್ನೂ ಚಿತ್ರವನ್ನೂ ನೋಂದಾಯಿಸಿ ಕಾಪಾಡಿಕೊಂಡರು, ಒಳಗಿದ್ದದ್ದನ್ನು ಗುಟ್ಟಾಗಿಟ್ಟರು.

ಗುಟ್ಟು ಎಂದಾಗ ನಮ್ಮೂರು ನೆನಪಾಗುತ್ತದೆ. ನಾನು ಮಲೆನಾಡಿನವಳು. ಅಲ್ಲಿ ಕಾಮಾಲೆಗೆ ಮದ್ದು ಕೊಡುವ ನಾಟಿ ವೈದ್ಯರು ಯಾವ ಸೊಪ್ಪೆಂದು ಹೇಳುವುದಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ. ಬೆಳಗಿನ ಜಾವ ಕಾಡಿಗೆ ಹೋಗಿ, ತಂದು, ಅರೆದು ಕೊಡುತ್ತಾರೆ. ಅದೂ ಗುಟ್ಟೇ. ಆದರೆ ಒಂದು ವ್ಯತ್ಯಾಸ ಉಂಟು. ಆ ವೈದ್ಯರ ಮನೆ ನಮಗೆ ಗೊತ್ತು. ಮದ್ದು ತಿರುಗಿಬಿದ್ದರೆ ಹೋಗಿ ಜಗಲಿಯ ಮೇಲೆ ಕುಳಿತು ಕೇಳಬಹುದು. ವಿನ್ಸ್ಲೋ ಅಮ್ಮನ ಜಗಲಿ ಎಲ್ಲಿದೆ ಎಂದು ಅಯೋವಾದ ಹೊಲದ ಮನೆಯ ತಾಯಿಗೆ ಹೇಗೆ ಗೊತ್ತಾಗಬೇಕು? ಪೇಟೆಂಟ್ ಔಷಧಿ ಎಂದರೆ ಅಜ್ಜಿಯ ಹೆಸರು, ಅಜ್ಜಿಯ ಮುಖ ಎಲ್ಲ ಇದ್ದು, ಅಜ್ಜಿ ಮಾತ್ರ ಇಲ್ಲದ ಮನೆಮದ್ದು.

ಇಂಗ್ಲೆಂಡಿನ ಗಿರಣಿ, ಹಿಂದೂಸ್ಥಾನದ ಗಿಡ

ಇದು ಅಮೆರಿಕದವರು ಕಂಡುಹಿಡಿದ ವಿದ್ಯೆಯಲ್ಲ. ಇಂಗ್ಲೆಂಡಿನಲ್ಲಿ 18ನೇ ಶತಮಾನದಿಂದಲೇ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಮಕ್ಕಳ ಮದ್ದು ಇತ್ತು. ಅಫೀಮು, ಕಾಕಂಬಿ, ನೀರು, ಮೇಲೊಂದಿಷ್ಟು ಸುವಾಸನೆಯ ತೊಗಟೆ. ಒಂದೊಂದು ಅಂಗಡಿಯಲ್ಲಿ ಒಂದೊಂದು ಹದ. ಅಫೀಮು ತಳಕ್ಕೆ ಇಳಿಯುತ್ತಿದ್ದುದರಿಂದ ಸೀಸೆಯ ಕೊನೆಯ ಚಮಚಗಳು ಮೊದಲಿನವಕ್ಕಿಂತ ಹೆಚ್ಚು ಅಪಾಯ. ಲ್ಯಾಂಕಶೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ಇದು ಧಾರಾಳವಾಗಿ ಖರ್ಚಾಗುತ್ತಿತ್ತು. ಕಾರಣ ಸರಳ: ತಾಯಿ ಬೆಳಗಿನಿಂದ ಸಂಜೆಯವರೆಗೆ ಗಿರಣಿಯಲ್ಲಿ, ಮಗು ಪಕ್ಕದ ಮನೆಯ ಮುದುಕಿಯ ಹತ್ತಿರ. ಆ ಮುದುಕಿಯ ಹತ್ತಿರ ಅಂಥ ಇನ್ನೂ ಐದಾರು ಮಕ್ಕಳು. 1845ರಲ್ಲಿ ಎಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಗಾಡ್‌ಫ್ರೀಸ್ ಹೆಸರು ಬರುವುದು ಇದಕ್ಕೇ. 1868ರಲ್ಲಿ ಬ್ರಿಟನ್ನಿನ ಕಾನೂನು ಅಫೀಮಿನ ಮಾರಾಟಕ್ಕೆ ಕಡಿವಾಣ ಹಾಕಿತು, ಆದರೆ ಪೇಟೆಂಟ್ ಔಷಧಿಗಳಿಗೆ ವಿನಾಯಿತಿ ಕೊಟ್ಟಿತು. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಈ ಕತೆಯಲ್ಲಿ ಹಿಂದೂಸ್ಥಾನಕ್ಕೂ ಪಾತ್ರವಿದೆ. ಬ್ರಿಟಿಷರು ಬಿಹಾರದಲ್ಲಿ ಬೆಳೆಸಿದ ಅಫೀಮು ಚೀನಾಕ್ಕೆ ಹೋಯಿತು. ಇಂಗ್ಲೆಂಡಿನ ಔಷಧಿಗಳಿಗೆ ಬಳಕೆಯಾದದ್ದು ಬಹುಪಾಲು ತುರ್ಕಿಯ ಅಫೀಮು. ನಮ್ಮ ಕಡೆಯಿಂದ ಔಷಧಿಯ ಸೀಸೆಗೆ ಹೋದದ್ದು ಭಂಗಿ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಓಶಾನೆಸಿ ಎಂಬ ಐರಿಷ್ ವೈದ್ಯ, ಇಲ್ಲಿನ ವೈದ್ಯರೂ ಹಕೀಮರೂ ಭಂಗಿ ಗಾಂಜಾಗಳನ್ನು ಬಳಸುವುದನ್ನು ನೋಡಿ, ತಾನೂ ಪ್ರಯೋಗ ಮಾಡಿ, 1839ರಲ್ಲಿ ಪ್ರಬಂಧ ಬರೆದ. ಅಲ್ಲಿಂದ ಇಂಡಿಯನ್ ಹೆಂಪ್ ಯುರೋಪಿನ ಔಷಧಿ ಕಪಾಟಿಗೆ ಏರಿತು. ಭಾರತದ ಸೈನ್ಯದಲ್ಲಿದ್ದ ಜಾನ್ ಕಾಲಿಸ್ ಬ್ರೌನ್ ಎಂಬ ವೈದ್ಯ 1848ರಲ್ಲಿ ಕಾಲರಾಕ್ಕೆಂದು ಒಂದು ದ್ರಾವಣ ಮಾಡಿದ. ಅದರಲ್ಲಿ ಅಫೀಮಿನ ಸತ್ವ, ಕ್ಲೋರೋಫಾರ್ಮ್, ಭಂಗಿ ಮೂರೂ ಇದ್ದವು. ಅದೇ ಮುಂದೆ ಕ್ಲೋರೋಡೈನ್ ಎಂಬ ಹೆಸರಿನಲ್ಲಿ ಪ್ರಪಂಚ ಸುತ್ತಿತು. ಭೇದಿ ನಿಲ್ಲುತ್ತಿತ್ತು, ಕೆಮ್ಮು ನಿಲ್ಲುತ್ತಿತ್ತು, ನೋವು ನಿಲ್ಲುತ್ತಿತ್ತು. ನಿಲ್ಲಿಸಲಾಗದೆ ಉಳಿಯುತ್ತಿದ್ದದ್ದು ಕ್ಲೋರೋಡೈನ್ ಕುಡಿಯುವುದು ಮಾತ್ರ.

ಹೆಂಡ ಮುಟ್ಟದವರ ಟಾನಿಕ್

ಅಮೆರಿಕಕ್ಕೆ ಮರಳೋಣ. ಮಸಾಚುಸೆಟ್ಸಿನ ಲಿನ್ ಎಂಬ ಊರಿನ ಲಿಡಿಯಾ ಪಿಂಕಮ್ ಪಾನನಿರೋಧ ಚಳುವಳಿಯ ಬೆಂಬಲಿಗಳು. ಮನೆಯ ಒಲೆಯ ಮೇಲೆ ಬೇರು ನಾರು ಕುದಿಸಿ ನೆರೆಹೊರೆಯ ಹೆಂಗಸರಿಗೆ ಕೊಡುತ್ತಿದ್ದಳು. 1875ರಲ್ಲಿ ಮನೆಗೆ ಕಷ್ಟ ಬಂದಾಗ ಅದನ್ನೇ ಮಾರತೊಡಗಿದಳು. ಮುಟ್ಟಿನ ನೋವು, ಗರ್ಭಕೋಶದ ತೊಂದರೆ, ಎಲ್ಲಕ್ಕೂ ಅದೇ. ಅದರಲ್ಲಿ ಮದ್ಯಸಾರ 100ಕ್ಕೆ 18 ಪಾಲು. ಮಾಮೂಲಿ ವೈನಿಗಿಂತ ಹೆಚ್ಚು. ಬೇರು ಕೆಡದಂತಿರಲು ಹಾಕಿದ್ದು ಎಂಬುದು ಸಮಜಾಯಿಷಿ.

ಅವಳನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಅಂದಿನ ಗಂಡು ವೈದ್ಯರ ಮುಂದೆ ಹೇಳಿಕೊಳ್ಳಲಾಗದ್ದನ್ನು ಹೆಂಗಸರು ಅವಳಿಗೆ ಕಾಗದ ಬರೆದು ಹೇಳಿಕೊಳ್ಳುತ್ತಿದ್ದರು, ಉತ್ತರವೂ ಬರುತ್ತಿತ್ತು. ಆದರೆ ಅವಳು 1883ರಲ್ಲಿ ತೀರಿಕೊಂಡಳು, ಉತ್ತರಗಳು ಮಾತ್ರ ಬರುತ್ತಲೇ ಇದ್ದವು. 1905ರಲ್ಲಿ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆ ಅವಳ ಸಮಾಧಿ ಕಲ್ಲಿನ ಫೋಟೋ ಅಚ್ಚು ಹಾಕಿತು. ಇಪ್ಪತ್ತೆರಡು ವರ್ಷ ತಾವು ಗುಟ್ಟು ಹೇಳಿಕೊಂಡದ್ದು ಯಾರಿಗೆ ಎಂದು ಹೆಂಗಸರಿಗೆ ಆಗ ತಿಳಿಯಿತು.

ಒಹಾಯೋದ ಪೆರೂನಾ ಎಂಬ ಟಾನಿಕ್ಕಿನಲ್ಲಿ ಮದ್ಯಸಾರ 28 ಪಾಲು. ಮದ್ಯ ನಿಷೇಧವಿದ್ದ ಊರುಗಳಲ್ಲಿ ಅದಕ್ಕೆ ವಿಶೇಷ ಬೇಡಿಕೆ. ಮೂಲನಿವಾಸಿಗಳ ಪ್ರದೇಶಗಳಲ್ಲಿ ಅದರ ಮಾರಾಟವನ್ನು ಸರ್ಕಾರ 1905ರಲ್ಲಿ ನಿಲ್ಲಿಸಬೇಕಾಯಿತು. ಕಡೆಗೆ ತೆರಿಗೆಯವರು, ಒಂದೋ ಇದಕ್ಕೆ ನಿಜವಾದ ಔಷಧಿ ಸೇರಿಸಿ, ಇಲ್ಲವೇ ಹೆಂಡದ ಅಂಗಡಿಯ ಪರವಾನಗಿ ತೆಗೆದುಕೊಳ್ಳಿ ಎಂದರು. ಕಂಪನಿ ಭೇದಿ ಮಾಡಿಸುವ ಮದ್ದು ಸೇರಿಸಿತು. ಹಳೇ ಗಿರಾಕಿಗಳ ಪಾಡು ನೀವೇ ಊಹಿಸಿ.

ನಗಬಹುದು. ಆದರೆ ನಮ್ಮ ಮನೆಗಳ ಅಟ್ಟವನ್ನೂ ಒಮ್ಮೆ ನೋಡೋಣ. ಹನಿ ಹೆಂಡ ಮುಟ್ಟದ ಮನೆಗಳಲ್ಲೂ ಬಾಣಂತಿಗೆ ದಶಮೂಲಾರಿಷ್ಟ, ನಿಶ್ಶಕ್ತಿಗೆ ದ್ರಾಕ್ಷಾಸವ. ಅರಿಷ್ಟ ಆಸವಗಳೆಂದರೆ ಹುದುಗಿಸಿ ಮಾಡಿದವು; ಮದ್ಯಸಾರ ತಾನಾಗಿ ಹುಟ್ಟುತ್ತದೆ, ಅದೇ ಮದ್ದನ್ನು ಕೆಡದಂತೆ ಕಾಯುತ್ತದೆ. ಶಾಸ್ತ್ರದಲ್ಲಿ ಅದು ಗುಟ್ಟೇನಲ್ಲ, ಮನೆಯಲ್ಲಿ ಮಾತ್ರ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. ಇನ್ನು ಎಷ್ಟೋ ಮನೆಗಳಲ್ಲಿ ಬಾಣಂತಿ ಕೋಣೆಯಲ್ಲಿ ಬ್ರಾಂದಿಯೇ ಇರುತ್ತಿತ್ತು, ಶೀತಕ್ಕೆಂದು. 1949ರ ಬೊಂಬಾಯಿ ಪಾನನಿರೋಧ ಕಾಯಿದೆ ಮದ್ಯಸಾರವಿರುವ ಔಷಧಿಗೂ ಕೈಹಾಕಿದಾಗ, 1951ರಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ತಳ್ಳಿಹಾಕಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಆಗ ಬೊಂಬಾಯಿಗೇ ಸೇರಿದ್ದವು. ಅಲ್ಲಿನ ಅರಿಷ್ಟದ ಸೀಸೆಗೂ ಆ ತೀರ್ಪು ಅನ್ವಯಿಸುತ್ತಿತ್ತು.

ಒಂದು ಸಾಲಿನ ಬಲ

1905ರ ಅಕ್ಟೋಬರಿನಲ್ಲಿ ಕೊಲಿಯರ್ಸ್ ವಾರಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆ್ಯಡಮ್ಸ್ ಎಂಬ ಪತ್ರಕರ್ತ ಲೇಖನಮಾಲೆ ಆರಂಭಿಸಿದ. ಅಮೆರಿಕದ ಜನ ಪೇಟೆಂಟ್ ಔಷಧಿಗೆ ವರ್ಷಕ್ಕೆ ಏಳೂವರೆ ಕೋಟಿ ಡಾಲರ್ ಸುರಿಯುತ್ತಿದ್ದಾರೆ, ಪ್ರತಿಯಾಗಿ ಕುಡಿಯುತ್ತಿರುವುದು ಹೆಂಡ, ಅಫೀಮು ಮತ್ತು ಮೋಸ ಎಂದು ಹೆಸರು ಹಿಡಿದು ಬರೆದ. ಹೆಸರು ಹಿಡಿದು ಬರೆಯುವುದು ಸುಲಭವಿರಲಿಲ್ಲ. ಪತ್ರಿಕೆಗಳು ಬದುಕುತ್ತಿದ್ದದ್ದೇ ಈ ಔಷಧಿಗಳ ಜಾಹೀರಾತಿನಿಂದ. ಸರ್ಕಾರದ ರಸಾಯನಶಾಸ್ತ್ರ ಇಲಾಖೆಯ ಹಾರ್ವಿ ವೈಲಿ ಎಷ್ಟೋ ವರ್ಷದಿಂದ ಕಾನೂನು ಬೇಕೆಂದು ಹೋರಾಡುತ್ತಿದ್ದರು. ಕಡೆಗೆ 1906ರ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆಹಾರ ಮತ್ತು ಔಷಧ ಶುದ್ಧತೆಯ ಕಾಯಿದೆಗೆ ಸಹಿ ಹಾಕಿದರು.

ಈ ಕಾಯಿದೆ ಅಫೀಮನ್ನು ನಿಷೇಧಿಸಲಿಲ್ಲ. ಮಾರ್ಫಿನ್ನನ್ನೂ ನಿಷೇಧಿಸಲಿಲ್ಲ. ಹೆರಾಯಿನ್ನನ್ನೂ ಇಲ್ಲ. ಜರ್ಮನಿಯ ಬೇಯರ್ ಕಂಪನಿ 1898ರಲ್ಲಿ ಹೆರಾಯಿನ್ನನ್ನು ಕೆಮ್ಮಿನ ಮದ್ದಾಗಿಯೇ ಮಾರುಕಟ್ಟೆಗೆ ತಂದಿತ್ತು. ಕಾಯಿದೆ ಕೇಳಿದ್ದು ಇಷ್ಟೇ: ಮದ್ಯಸಾರ, ಅಫೀಮು, ಮಾರ್ಫಿನ್, ಹೆರಾಯಿನ್, ಕೊಕೇನ್, ಕ್ಲೋರೋಫಾರ್ಮ್ ಮುಂತಾದವು ಒಳಗಿದ್ದರೆ, ಇದೆ ಎಂದೂ ಎಷ್ಟಿದೆ ಎಂದೂ ಲೇಬಲ್ಲಿನ ಮೇಲೆ ಬರೆಯಬೇಕು. ಆ ಪಟ್ಟಿಯಲ್ಲಿ ನಮ್ಮ ದೇಶದ ಹೆಸರು ಹೊತ್ತ ಕ್ಯಾನಬಿಸ್ ಇಂಡಿಕಾ ಕೂಡ ಇತ್ತು.

ಒಂದು ಸಾಲು, ಅಷ್ಟೇ. ಅಫೀಮು ಬೆರೆತ ಪೇಟೆಂಟ್ ಔಷಧಿಗಳ ಮಾರಾಟ ಆಮೇಲೆ ಸುಮಾರು ಮೂರನೇ ಒಂದು ಪಾಲು ಇಳಿಯಿತು ಎಂಬ ಅಂದಾಜಿದೆ. ಪೊಲೀಸರು ಬರಲಿಲ್ಲ, ಅಂಗಡಿಗೆ ಬೀಗ ಬೀಳಲಿಲ್ಲ. ತಾಯಂದಿರು ಓದಿದರು, ಸೀಸೆಯನ್ನು ವಾಪಸ್ ಇಟ್ಟರು. ಇಷ್ಟು ದಿನ ಅವರು ಮೂಢರಾಗಿದ್ದರು ಎನ್ನುವವರಿಗೆ ಇದೇ ಉತ್ತರ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ವಿನ್ಸ್ಲೋ ಅಮ್ಮನ ಸೀಸೆಯಿಂದ ಮೊದಲು ಸಮಾಧಾನ ಎಂಬ ಪದ ಬಿದ್ದುಹೋಯಿತು, ನಂತರ ಮಾರ್ಫಿನ್ ಹೋಯಿತು. ಬರೀ ಸಿರಪ್ ಆಗಿ ಅದು 1930ರವರೆಗೆ ಬದುಕಿತ್ತು.

ಲೇಬಲ್ ಒಂದೇ ಸಾಲದು ಎಂಬುದೂ ಬೇಗ ತಿಳಿಯಿತು. ಕ್ಯಾನ್ಸರ್ ವಾಸಿ ಮಾಡುತ್ತೇನೆಂದು ಸುಳ್ಳು ಹೇಳಿ ಮಾರಿದವನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1911ರಲ್ಲಿ, ಕಾಯಿದೆ ಕೇಳುವುದು ಒಳಗೆ ಏನಿದೆ ಎಂಬುದನ್ನು ಮಾತ್ರ, ಗುಣದ ಬಗ್ಗೆ ಸುಳ್ಳು ಹೇಳುವುದನ್ನು ಅದು ತಡೆಯುವುದಿಲ್ಲ ಎಂದಿತು. ಮರುವರ್ಷ ತಿದ್ದುಪಡಿ ಮಾಡಬೇಕಾಯಿತು. 1914ರ ಹ್ಯಾರಿಸನ್ ಕಾಯಿದೆ ಅಫೀಮು, ಕೊಕೇನುಗಳನ್ನು ಕಟ್ಟಿಹಾಕಿದರೂ ಔನ್ಸಿಗೆ ಎರಡು ಗ್ರೇನ್ ವರೆಗಿನ ಅಫೀಮಿದ್ದ ಮದ್ದುಗಳನ್ನು ಬಿಟ್ಟುಕೊಟ್ಟಿತು.

ಎಲ್ಲಕ್ಕಿಂತ ಕಹಿಯಾದ ಪಾಠ 1937ರದು. ಸಲ್ಫಾನಿಲಮೈಡ್ ಎಂಬ ಒಳ್ಳೆಯ ಔಷಧಿಯನ್ನು ಮಕ್ಕಳೂ ಕುಡಿಯುವಂತೆ ದ್ರವ ಮಾಡಲು ಟೆನೆಸ್ಸಿಯ ಕಂಪನಿಯೊಂದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ ಬಳಸಿತು. ರುಚಿ ನೋಡಿದರು, ಬಣ್ಣ ನೋಡಿದರು, ವಿಷವೇ ಎಂದು ಯಾರೂ ಪರೀಕ್ಷಿಸಲಿಲ್ಲ. 100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಮಕ್ಕಳು. ಆಗಿನ ಕಾನೂನಿನಲ್ಲಿ ಕಂಪನಿಯ ಮೇಲೆ ಹೊರಿಸಬಹುದಾಗಿದ್ದ ತಪ್ಪು ಯಾವುದು ಗೊತ್ತೇ? ಸೀಸೆಯ ಮೇಲೆ ಎಲಿಕ್ಸಿರ್ ಎಂದು ಬರೆದಿತ್ತು, ಎಲಿಕ್ಸಿರ್ ಎಂದರೆ ಮದ್ಯಸಾರ ಇರಬೇಕು, ಇದರಲ್ಲಿ ಇರಲಿಲ್ಲ. ಕೊಂದದ್ದಕ್ಕಲ್ಲ, ಹೆಸರು ತಪ್ಪು ಬರೆದದ್ದಕ್ಕೆ ದಂಡ. ಮಾರುವ ಮೊದಲೇ ಸುರಕ್ಷಿತವೆಂದು ತೋರಿಸಬೇಕೆಂಬ 1938ರ ಕಾಯಿದೆ ಬಂದದ್ದು ಆ ಸಾವುಗಳ ನಂತರ. ಅದೇ ವಿಷ 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಗ್ಲಿಸರಿನ್ನಿನಲ್ಲಿ ಬೆರೆತು 14 ಜನರನ್ನು ಕೊಂದಿತು.

ಸುಗ್ಗಿಯ ರಾತ್ರಿಗಳು

ಮುಂಬಯಿ ಎಂದಾಗ ಇನ್ನೊಂದು ಹೇಳಬೇಕು. ಲ್ಯಾಂಕಶೈರಿನ ಕತೆ ಬೊಂಬಾಯಿಯ ಹತ್ತಿ ಗಿರಣಿಗಳಲ್ಲಿ ಮತ್ತೆ ನಡೆಯಿತು. ಅಲ್ಲಿ ಮಕ್ಕಳಿಗೆ ಕೊಡುತ್ತಿದ್ದದ್ದು ಬಾಳಗೋಳಿ, ಅಫೀಮು ಸೇರಿಸಿದ ಪುಟ್ಟ ಗುಳಿಗೆ. ಗಿರಣಿ ಹೆಂಗಸರ ಸ್ಥಿತಿಗತಿಯನ್ನು ಪರಿಶೀಲಿಸಿದ ಡಾ. ಬಾರ್ನ್ಸ್ ಎಂಬ ವೈದ್ಯೆ 1922ರಲ್ಲಿ ಕೊಟ್ಟ ಲೆಕ್ಕ: ದುಡಿಯುವ ಹೆಂಗಸರ ಶಿಶುಗಳಲ್ಲಿ 100ಕ್ಕೆ 98ಕ್ಕೆ ಅಫೀಮು ಕೊಡಲಾಗುತ್ತಿತ್ತು. 98! ಅಷ್ಟೂ ತಾಯಂದಿರು ಕಟುಕರೇ? ಪಾಳಿಯ ಸೀಟಿ ಊದಿದಾಗ ಮಗು ಮಲಗಿರಲೇಬೇಕಿತ್ತು. ಗಿರಣಿಯ ಗಡಿಯಾರಕ್ಕೆ ಮಗುವಿನ ಹಸಿವು ಗೊತ್ತಿಲ್ಲ.

ಇದನ್ನು ಓದಿದ ದಿನ ನನಗೆ 1988ರ ನಮ್ಮ ಅಡಿಗೆಮನೆ ನೆನಪಾಯಿತು. ಹೆರಿಗೆಗೆ ಅಮ್ಮ ಬಂದಿದ್ದಳು, ಬಾಣಂತನ ಮಾಡಲು. ನಿಮ್ಮೆಲ್ಲರ ಅಮ್ಮಂದಿರ ಹಾಗೆ ಅವಳ ಸೂಟ್‌ಕೇಸಿನಲ್ಲೂ ಒಂದು ಗಂಟು: ಸಾಣೆಕಲ್ಲು, ಬಜೆ, ಜಾಯಿಕಾಯಿ, ಅಳಲೆಕಾಯಿ, ಓಮ. ತೇಯ್ದು ಎದೆಹಾಲಿನಲ್ಲಿ ಕಲಸಿ ನೆಕ್ಕಿಸಲು. ಜೊತೆಗೆ ಎರಡು ಸೀಸೆ ಗ್ರೈಪ್ ವಾಟರ್. ನಾನು ಫಾರ್ಮಸಿಸ್ಟ್. ಬಜೆಯನ್ನು ಆಹಾರದಲ್ಲಿ ಬಳಸಬಾರದೆಂದು ಅಮೆರಿಕ 1968ರಲ್ಲೇ ಹೇಳಿದೆ ಎಂದು ಅಮ್ಮನಿಗೆ ಪಾಠ ಮಾಡಿದೆ. ಆಕೆ ಸುಮ್ಮನೆ ಕೇಳಿಸಿಕೊಂಡಳು. ಗ್ರೈಪ್ ವಾಟರ್ ಬಗ್ಗೆ ಮಾತ್ರ ನಾನು ಚಕಾರ ಎತ್ತಲಿಲ್ಲ. ಅದು ಅಚ್ಚುಕಟ್ಟಾದ ಸೀಸೆ, ಅಂಗಡಿಯದು, ನಾನೂ ಕುಡಿದು ಬೆಳೆದದ್ದು. ಅಜ್ಜಿ ಮಗಳಿಗೆ, ಮಗಳು ಮೊಮ್ಮಗಳಿಗೆ ಕೊಡುವ ಜಾಹೀರಾತು ನಿಮಗೂ ನೆನಪಿದ್ದೀತು.

ಒಂದು ರಾತ್ರಿ ಮಗು ಎರಡು ಗಂಟೆ ಎಡೆಬಿಡದೆ ಅತ್ತಿತು. ಚಮಚ ತೆಗೆದುಕೊಂಡು ಸೀಸೆ ತೆರೆದವಳು ನಾನು. ಅಮ್ಮ ಕೈ ಅಡ್ಡ ಹಿಡಿದಳು.

"ಅದ್ರಲ್ಲಿ ಎಂತ ಇದೆ ಅಂತ ಬರ್ದಿದಾರೆ, ಮೊದ್ಲು ಓದೇ."

ಸೂಟ್‌ಕೇಸಿನಲ್ಲಿ ಕೊಬ್ಬರಿ ಎಣ್ಣೆ ಸೋರಿ ಲೇಬಲ್ಲಿನ ಅಕ್ಷರ ಕದಡಿಹೋಗಿತ್ತು. ಕಾಣಿಸ್ತಿಲ್ಲ ಅಂದೆ. "ಹಂಗಾರೆ ಬೇಡ," ಅಂದಳು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆಳಗಿನ ನಾಲ್ಕರವರೆಗೆ ಆ ಅಡಿಗೆಮನೆಯಲ್ಲೇ ಅತ್ತಿಂದಿತ್ತ ನಡೆದಳು. ನಡೆಯುತ್ತಾ, ನಾನು ಯಾವತ್ತೂ ಕೇಳಿರದ ಒಂದು ಮಾತು ಹೇಳಿದಳು.

ಅವಳಿಗೊಬ್ಬ ತಮ್ಮನಿದ್ದನಂತೆ. ಅಡಿಕೆ ಸುಗ್ಗಿಯ ಕಾಲ. ಹಗಲು ಕೊಯ್ಲು, ರಾತ್ರಿ ಹೆಂಗಸರೆಲ್ಲ ಮೆಟ್ಟುಗತ್ತಿಯ ಮೇಲೆ ಕುಳಿತು ಸುಲಿಯಬೇಕು. ಅಜ್ಜಿಯ ನಾಲ್ಕು ತಿಂಗಳ ಮಗು ಅಳುತ್ತಿತ್ತು. ಸಂತೆಯಲ್ಲಿ ಮಾರುತ್ತಿದ್ದ ಕರಿ ಗುಳಿಗೆಯಲ್ಲಿ ಸಾಸಿವೆ ಕಾಳಿನಷ್ಟು ಮುರಿದು ಎದೆಹಾಲಿನಲ್ಲಿ ಕರಗಿಸಿ ಕೊಟ್ಟರು. ಎಲ್ಲರೂ ಕೊಡುತ್ತಿದ್ದದ್ದೇ. ಬೆಳಿಗ್ಗೆ ಮಗು ಏಳಲಿಲ್ಲ. ಗುಳಿಗೆಯಿಂದಲೇ ಹೋಯಿತೋ, ಅದರ ಆಯುಷ್ಯ ಅಷ್ಟೇ ಇತ್ತೋ, ಯಾರೂ ಹೇಳಲಿಲ್ಲ. ಆದರೆ ಅಜ್ಜಿ ಆಮೇಲೆ ಆ ಸಂತೆಗೆ ಹೋದಾಗಲೆಲ್ಲ ಗುಳಿಗೆ ಮಾರುವವನನ್ನು ಹುಡುಕುತ್ತಿದ್ದಳಂತೆ. ಬೈಯಲಿಕ್ಕಲ್ಲ. ಅದರಲ್ಲಿ ಏನಿತ್ತು ಎಂದು ಕೇಳಲಿಕ್ಕೆ. ಅವನು ಮತ್ತೆ ಬರಲಿಲ್ಲ.

ಅವತ್ತು ನನಗೆ ನಾಚಿಕೆಯಾಯಿತು. ಪದವಿ ಇದ್ದದ್ದು ನನಗೆ, ಪ್ರಶ್ನೆ ಇದ್ದದ್ದು ಅಮ್ಮನಿಗೆ. ಮರುದಿನ ಗ್ರಂಥಾಲಯಕ್ಕೆ ಹೋಗಿ ಓದಿದೆ. ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿಯ ಕೈಯಲ್ಲಿ. ಮೂಲದ ಹದದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯಸಾರ 100ಕ್ಕೆ 3.6 ಪಾಲು, ಹೆಚ್ಚುಕಡಿಮೆ ಬಿಯರಿನ ಹತ್ತಿರ. ಬ್ರಿಟನ್ನಿನಲ್ಲಿ ಅದನ್ನು ಪೂರ್ತಿ ತೆಗೆದದ್ದು 1992ರಲ್ಲಿ, ಅಮ್ಮ ನನ್ನ ಕೈ ತಡೆದ ನಾಲ್ಕು ವರ್ಷದ ಮೇಲೆ.

ನಮ್ಮ ಸೂಟ್‌ಕೇಸುಗಳು

ಇದೆಲ್ಲ ಹಳೇ ಕತೆ ಎಂದು ಎದ್ದುಹೋಗಬೇಡಿ. 2004ರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಪದಾರ್ಥಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದವು. ನಾವು ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಅಫೀಮು ಗಿಡದ ಬೀಜವೇ. ಸಂಯುಕ್ತ ಅರಬ್ ಸಂಸ್ಥಾನಕ್ಕೋ ಸಿಂಗಪುರಕ್ಕೋ ಅದನ್ನು ಒಯ್ಯುವಂತಿಲ್ಲ. ಅಮೆರಿಕದ ಸೈನ್ಯ 2023ರಲ್ಲಿ ತನ್ನವರಿಗೆ ಗಸಗಸೆ ತಿನ್ನಬೇಡಿ ಎಂದು ಸೂಚನೆ ಕೊಟ್ಟಿದೆ, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ ಎಂದು. ಪಾಯಸ ಉಂಡ ಮಧ್ಯಾಹ್ನ ನಮ್ಮ ಚಾವಡಿಯಲ್ಲಿ ಯಾಕೆ ಅಷ್ಟು ಗೊರಕೆ ಎಂದು ಈಗ ಕೇಳಬೇಡಿ. ಅದರಲ್ಲಿ ಬೆಲ್ಲ ಕಾಯಿಹಾಲುಗಳ ಪಾಲೂ ಇದೆ.

ಔಷಧಿ ಅಂಗಡಿಯ ಕಿಟಕಿಯ ಹಿಂದೆ ನಿಂತು 30 ವರ್ಷ ನಾನು ನೋಡಿದ್ದು ಇದು. ಊರಿಂದ ಬಂದ ಅಪ್ಪ ಅಮ್ಮನನ್ನು ಮಕ್ಕಳು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಏನಾದರೂ ಬೇರೆ ಮದ್ದು ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳುತ್ತಾರೆ. ಇಲ್ಲ ಎಂದು ಮಗ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಅಪ್ಪನ ಚೀಲದಲ್ಲಿ ಒಂದು ಅರಿಷ್ಟ, ಒಂದು ಚೂರ್ಣ, ಪರಿಚಯದ ವೈದ್ಯರು ಕೊಟ್ಟ ಹೆಸರಿಲ್ಲದ ಪೊಟ್ಟಣ ಇರುತ್ತವೆ. ಅವನನ್ನು ಯಾರೂ ಕನ್ನಡದಲ್ಲಿ ಕೇಳಿರುವುದಿಲ್ಲ.

ಹಾಗಾಗಿ ಈ ವೇದಿಕೆಯಿಂದ ನಾನು ಕೇಳುವುದು ಇಷ್ಟೇ. ನಿಮ್ಮ ಮನೆಗೆ ಅಪ್ಪ ಅಮ್ಮ ಬಂದಾಗ ಮೊದಲ ವಾರದಲ್ಲಿ ಒಂದು ಸಂಜೆ ಜೊತೆಗೆ ಕುಳಿತು ಸೂಟ್‌ಕೇಸಿನ ಮದ್ದುಗಳನ್ನೆಲ್ಲ ಮೇಜಿನ ಮೇಲೆ ಇಡಿ. ಬೈಯಬೇಡಿ, ನಗಬೇಡಿ, ನನ್ನ ಹಾಗೆ ಪಾಠ ಮಾಡಬೇಡಿ. ಯಾವುದು, ಯಾರು ಕೊಟ್ಟದ್ದು, ದಿನಕ್ಕೆ ಎಷ್ಟು ಎಂದು ಕೇಳಿ. ಅವರಿಗೆ ಕಾಣುವಂತೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಡಾಕ್ಟರಿಗೆ ತೋರಿಸಲು ಇಂಗ್ಲಿಷಿನಲ್ಲೂ ಬರೆದಿಡಿ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲದ್ದನ್ನು ಬೇರೆ ತೆಗೆದಿಡಿ. ನಮ್ಮ ಸಂಘದಲ್ಲಿ ನನ್ನಂಥ ನಿವೃತ್ತ ಫಾರ್ಮಸಿಸ್ಟರೂ ಡಾಕ್ಟರುಗಳೂ ಇದ್ದೇವೆ. ತಿಂಗಳಿಗೊಂದು ಶನಿವಾರ ಕುಳಿತು ಆ ಪಟ್ಟಿ ನೋಡಿಕೊಡಲು ನಾನು ತಯಾರು. ನನ್ನ ಜೊತೆ ಕೂರುವವರು ಊಟದ ಸಾಲಿನಲ್ಲಿ ನನಗೆ ಹೆಸರು ಕೊಡಿ.

ಅಮ್ಮ ಈಗಿಲ್ಲ. ಅವಳು ಅವತ್ತು ಕೊಡಗೊಡದ ಆ ಸೀಸೆ ಇನ್ನೂ ನನ್ನ ಹತ್ತಿರವಿದೆ. ಲೇಬಲ್ಲಿನಲ್ಲಿ ಇವತ್ತಿಗೂ ಒಂದಕ್ಷರ ಓದಲು ಬರುವುದಿಲ್ಲ. ವಿನ್ಸ್ಲೋ ಅಮ್ಮನ ಸೀಸೆಯ ಪಕ್ಕದಲ್ಲೇ ಇಟ್ಟಿದ್ದೇನೆ.